ಚಾದರದ ಮೇಲಿನ ತುಪ್ಪ

1997ರ ಮಾರ್ಚ್ 14, ಶುಕ್ರವಾರ ಬೆಳಿಗ್ಗೆ ಶಿಕ್ಷಕಿ ವಾಣಿಶ್ರೀ ಠಾಣೆಗೆ ಬಂದು ದೂರು ಕೊಟ್ಟರು. ಗೂಳೂರು ರಸ್ತೆಯ ಹೊಸ ಬಡಾವಣೆಯಲ್ಲಿದ್ದ ಅವರ ಖಾಲಿ ಸೈಟಿನಲ್ಲಿ ಬೆಳಗಾಗುವಷ್ಟರಲ್ಲಿ ಒಂದು ಗೋರಿ ಎದ್ದಿತ್ತು. ಭಾನುವಾರ ಅಲ್ಲಿ ಗುದ್ದಲಿ ಪೂಜೆ ಇತ್ತು.

"ಯಾರ ಮೇಲೆ ಅನುಮಾನ?" ಇನ್‌ಸ್ಪೆಕ್ಟರ್ ಗುರುಸಿದ್ದಯ್ಯ ಕೇಳಿದರು.

"ನಾನು ಯಾರನ್ನೂ ನೋಡಿಲ್ಲ ಸಾರ್," ಎಂದರು ವಾಣಿಶ್ರೀ. ಜೊತೆಗೆ ಬಂದಿದ್ದವರು ಮಾತ್ರ ಪಕ್ಕದ ವೆಲ್ಡಿಂಗ್ ಶಾಪಿನ ಅತೀಕನ ಹೆಸರು ಹೇಳಿದರು. ಅವರಲ್ಲಿ ಒಬ್ಬರೂ ಏನನ್ನೂ ಕಂಡಿರಲಿಲ್ಲ, ಆದರೆ ಎಲ್ಲರಿಗೂ ಎಲ್ಲ ಗೊತ್ತಿತ್ತು.

ಎಫ್‌ಐಆರ್ ದಾಖಲಾಯಿತು. ಅತೀಕನನ್ನು ಠಾಣೆಯಲ್ಲಿ ಕೂರಿಸಿದರು. ಹೊರಗೆ ಬಿಟ್ಟರೆ ಅವನ ಮೂಳೆ ಉಳಿಯುವ ಹಾಗಿರಲಿಲ್ಲ.

ಗುರುಸಿದ್ದಯ್ಯ ವಾಣಿಶ್ರೀಯವರ ಜೊತೆ ಸೈಟಿಗೆ ಬರುವಷ್ಟರಲ್ಲಿ ಅದರ ಎರಡೂ ಕಡೆ ಜನ ಸೇರಿದ್ದರು. ಊರಿನ ಬಟವಾಡಿಯಲ್ಲಿ ಆಗಲೇ ಅಂಗಡಿಗಳ ಶಟರ್ ಎಳೆಯುತ್ತಿದ್ದರು. ಮಧ್ಯಾಹ್ನದ ನಮಾಜು ಮುಗಿದರೆ ಜನ ಇಮ್ಮಡಿಯಾಗುತ್ತಾರೆ. ಅಷ್ಟರೊಳಗೆ ಇದು ಬಗೆಹರಿಯಬೇಕು, ಇಲ್ಲದಿದ್ದರೆ ಲಾಠಿಯಿಂದ ಏನೂ ಆಗದು ಎಂದು ಗುರುಸಿದ್ದಯ್ಯನವರಿಗೆ ಹೆದರಿಕೆಯಾಯಿತು.

ಅತೀಕನ ಅಜ್ಜ ಇಸಾಕ್ ಸಾಬ್ ಜನರನ್ನು ಸರಿಸಿಕೊಂಡು ಮುಂದೆ ಬಂದರು. ಮಣ್ಣಿನ ದಿಬ್ಬದ ಮೇಲೆ ಹೊದಿಸಿದ್ದ ಹಸಿರು ಬಟ್ಟೆಯ ಹತ್ತಿರ ಬಗ್ಗಿದರು. ಅದರ ತುಂಬ ಇರುವೆ.

"ನಾವು ಹೂವಿನ ಚಾದರ ಹಾಕ್ತೀವಿ, ಊದುಬತ್ತಿ ಹಚ್ತೀವಿ ಸಾರ್. ಇದೇನಿದು, ತುಪ್ಪ?"

ಹೆಡ್ ಕಾನ್‌ಸ್ಟೇಬಲ್ ಚಿಕ್ಕರಂಗಯ್ಯ ಮೂಸಿ ನೋಡಿದ. "ಹಾಲುತುಪ್ಪ ಬಿಟ್ಟವ್ರೆ ಸಾರ್. ನಮ್ ಕಡೆ ಮಣ್ಣು ಮಾಡಿದ್ ಮೇಲೆ ಬಿಡ್ತೀವಲ್ಲ, ಅದೇಯ."

ಬಟ್ಟೆಯನ್ನು ಎತ್ತಿ ನೋಡಿದರೆ ಅದು ಚಾದರವಲ್ಲ, ಅಂಚು ಹರಿದು ತೆಗೆದ ಹಳೇ ಸೀರೆ. ಪಂಚರ ಮುಂದೆ ಪಂಚನಾಮೆ ಮಾಡಿ ಅದನ್ನು ಜಪ್ತಿ ಮಾಡಿದರು.

ಹಾಲುತುಪ್ಪ ಬಿಡುವವರು ಸತ್ತವರ ಮನೆಯವರು. ಗುರುಸಿದ್ದಯ್ಯ ವಾಣಿಶ್ರೀಯವರತ್ತ ತಿರುಗಿದರು. "ಮೇಡಂ, ಈ ಜಮೀನು ಮೊದಲು ಯಾರದು?"

"ಗೂಳೂರಿನ ಅಣ್ಣಯ್ಯಪ್ಪ ಅಂತ ಸಾರ್. ಮಾತಾಡಿ ಮಾರಿದ್ದೆಲ್ಲ ಅವರ ತಮ್ಮ."

ಗೂಳೂರಿನ ಮನೆಯಲ್ಲಿ ಅಣ್ಣಯ್ಯಪ್ಪ ಒಬ್ಬನೇ ಇದ್ದ. ಗೂಟದಲ್ಲಿ ಜರಿ ಅಂಚೊಂದು ನೇತಾಡುತ್ತಿತ್ತು. ಚಿಕ್ಕರಂಗಯ್ಯ ತಂದಿದ್ದ ಸೀರೆಗೆ ಅದನ್ನು ಹಿಡಿದು ನೋಡಿದ. ಹರಿದ ಎಳೆಗಳು ಕೂಡಿಬಂದವು.

"ಗೋರಿ ಯಾಕೆ ಮಾಡಿದೆ?" ಗುರುಸಿದ್ದಯ್ಯ ಕೇಳಿದರು.

"ಅದ್ರಡೀಲಿ ತಿಪ್ಪಮ್ಮ ಅವ್ಳೆ ಸಾಮಿ. ನನ್ ಹೆಂಡ್ರು. ನಮ್ ಹೊಲ್ದಾಗೇ ಮಣ್ಣು ಮಾಡಿದ್ವಿ. ನನ್ ತಮ್ಮ ಆ ಮಣ್ಣಿನ್ ಗುಡ್ಡೆ ಮೇಲೆ ನೇಗ್ಲು ಹೊಡ್ಸಿ ಮಟ್ಟ ಮಾಡ್ಬುಟ್ಟ. ಈಗ ಪಾಯ ತೆಗೀತಾರೆ ಅಂದ್ರು."

"ಹೇಳಬಾರದಿತ್ತಾ?"

"ಹೇಳ್ದೆ. ನಕ್ಕರು. ನಮ್ ಗುಡ್ಡೆನ ಯಾರ್ ಸಾಮಿ ಕೇಳ್ತಾರೆ? ಗೋರಿ ಅಂದ್ರೆ ಯಾರೂ ಗುದ್ದಲಿ ಹಾಕಲ್ಲ ಅನ್ಕೊಂಡೆ."

"ಆ ಹುಡುಗನ್ನ ಜನ ಸಾಯಿಸ್ತಿದ್ರಲ್ಲಯ್ಯಾ!"

ಅಣ್ಣಯ್ಯಪ್ಪನ ಮುಖ ಬಿಳಿಚಿಕೊಂಡಿತು. ಅಷ್ಟು ದೂರ ಅವನು ಯೋಚಿಸಿರಲಿಲ್ಲ. ಬೇಡಿ ಹಾಕಲೆಂದು ಕೈ ಮುಂದೆ ಚಾಚಿದ.

ಬಂಧನದ ಸುದ್ದಿ ನಮಾಜಿಗೆ ಮುಂಚೆ ಬಟವಾಡಿ ಮುಟ್ಟಿತು. ಶಟರ್‌ಗಳು ಮೇಲೆದ್ದವು. ಗುದ್ದಲಿ ಪೂಜೆ ಮುಂದೆ ಹಾಕುವುದಾಗಿ ವಾಣಿಶ್ರೀ ಹೇಳಿದರು. ಆಮೇಲೆ ಏನು ಮಾಡುವರೋ ಅವರೂ ಹೇಳಲಿಲ್ಲ, ಗುರುಸಿದ್ದಯ್ಯನವರೂ ಕೇಳಲಿಲ್ಲ.

ಮೊಮ್ಮಗನ ಕೈಹಿಡಿದು ಹೊರಟಿದ್ದ ಇಸಾಕ್ ಸಾಬ್ ಲಾಕಪ್ಪಿನ ಮುಂದೆ ನಿಂತರು. ಬೈಯುತ್ತಾರೆ ಎಂದು ಎಲ್ಲರೂ ಕಾದರು.

"ನಮ್ ಗೋರಿ ಥರಾನೇ ಮಾಡ್ಬೇಕು ಅಂತಿದ್ದೋನು, ತುಪ್ಪ ಯಾಕಪ್ಪಾ ಬಿಟ್ಟೆ?"

ಅಣ್ಣಯ್ಯಪ್ಪ ತಲೆಯೆತ್ತಲಿಲ್ಲ.

"ಎಷ್ಟೋ ವರ್ಷ ಆದ್ಮೇಲೆ ಅವಳತ್ರ ಹೋಗಿದ್ದು ಸಾಬ್ರೇ. ಬರಿಗೈಲಿ ಹೆಂಗೆ ಹೋಗ್ಲಿ?"