ಉಜ್ಜಬಾರದ ನಳಿಗೆ

“ಅಳಿಯಂದ್ರೇ, ಈ ಕೋವಿಯ ನಳಿಗೆ ಒಂದನ್ನ ಉಜ್ಜಬೇಡಿ. ಹೊರಗೆ ಏನು ಬೇಕಾದ್ರೂ ಮಾಡಿ, ಒಳಗೆ ಮಾತ್ರ ಕೈ ಹಾಕಬೇಡಿ.”

“ಯಾಕೆ ಮಾವ, ಒಳಗೆ ದೆವ್ವ ಕಾಲು ಚಾಚಿ ಮಲಗಿದ್ಯಾ?”

ಮಾವ ಕೋವಿಯನ್ನು ಮೇಜಿನ ಮೇಲಿಟ್ಟು ಊಟಕ್ಕೆ ಎದ್ದ. ಕೋವಿ ರಿಪೇರಿಯಲ್ಲೇ ತಲೆ ನರೆತ ಮನುಷ್ಯ. ಕೈ ನಡುಗತೊಡಗಿದ ಮೇಲೆ ಅಂಗಡಿಯನ್ನು ಅಳಿಯನಿಗೆ ಒಪ್ಪಿಸಿದ್ದ. ಅಳಿಯನೋ ಕಾರ್ಖಾನೆಯಲ್ಲಿ ಲೇತ್ ಓಡಿಸಿ ಬಂದವನು, ಮಾಟ-ಮಂತ್ರ ಅಂದರೆ ಬಿದ್ದು ಬಿದ್ದು ನಗುವವನು. ತನ್ನ ಅಪ್ಪನ ಕಾಲದ ಈ ರೈಫಲ್ ತಂದಿದ್ದ ಶಿಕಾರಿಯವನ ದೂರು ಸರಳವಾಗಿತ್ತು: ಗುರಿ ನಿಲ್ಲುವುದಿಲ್ಲ, ನಾಲ್ಕು ಗುಂಡು ಹಾರಿಸುವಷ್ಟರಲ್ಲಿ ಒಳಗೆಲ್ಲ ಮಸಿ ಕಟ್ಟುತ್ತದೆ. ಒಳಮೈ ತರಿತರಿಯಾಗಿದ್ದರೆ ಇನ್ನೇನಾಗುತ್ತದೆ? ನುಣುಪು ಮಾಡಿದರೆ ಮುಗಿಯಿತು.

ಮಾವ ಊಟ ಮಾಡಿ ಅಡ್ಡಾದ ಮೇಲೆ ಅಳಿಯ ಕೆಲಸಕ್ಕೆ ಕೂತ. ಕಿಟಕಿಯಿಲ್ಲದ ಅಂಗಡಿ, ಹಗಲಲ್ಲೂ ಮಬ್ಬು. ಸರಳೊಂದನ್ನು ನಳಿಗೆಯೊಳಗೆ ಇಳಿಸಿ ಅದರ ತುದಿಯ ಸುತ್ತ ಕರಗಿದ ಸೀಸ ಎರೆದ. ಸೀಸ ಆರಿ, ಗುಂಡನ್ನು ತಿರುಗಿಸುವ ನಳಿಗೆಯ ಒಳಗೆರೆಗಳಿಗೆ ಸರಿಯಾಗಿ ಕೂರುವಂಥ ಒಂದು ಗಟ್ಟಿ ಮುದ್ದೆಯಾಯಿತು. ಅದಕ್ಕೆ ಎಣ್ಣೆಯಲ್ಲಿ ಕಲಸಿದ, ಉಕ್ಕು ಉಜ್ಜುವ ಎಮರಿ ಪುಡಿ ಸವರಿ, ಹಿಂದಕ್ಕೆ ಮುಂದಕ್ಕೆ ಆಡಿಸತೊಡಗಿದ. ಕರಕರ ಸದ್ದಾಯಿತು.

ಗೋಡೆಯಾಚೆ ಅಡುಗೆಮನೆ. ಅಲ್ಲಿ ಹೆಂಡತಿ ಪಾತ್ರೆ ತಿಕ್ಕುತ್ತ ಎಂದಿನಂತೆ ಬೈಗುಳದ ಮಳೆ ಸುರಿಸುತ್ತಿದ್ದಳು. “ರೀ, ಟವೆಲ್‌ಗೆ ಕೈ ಒರೆಸ್ತೀರಲ್ಲ, ಆ ಗ್ರೀಸನ್ನ ನಿಮ್ಮಪ್ಪ ಬಂದು ಒಗೀತಾರಾ?” ಮಾತೇ ಬಾರದ ಅತ್ತೆಯ ಹೊಟ್ಟೆಯಲ್ಲಿ ಇಂಥ ಮಾತಿನಮಲ್ಲಿ ಹೇಗೆ ಹುಟ್ಟಿದಳೋ ಎಂದು ಅವನು ಗೇಲಿ ಮಾಡುತ್ತಿದ್ದ. ನಿಜ ಹೇಳಬೇಕೆಂದರೆ, ಆ ದನಿ ಕೇಳದಿದ್ದರೆ ಅವನಿಗೆ ತುತ್ತು ಇಳಿಯುತ್ತಿರಲಿಲ್ಲ.

ಉಜ್ಜಿದಂತೆಲ್ಲ ಕಪ್ಪು ರಾಡಿ ಬಂತು. ಎಣ್ಣೆಯ ಕಮಟಿನ ನಡುವೆ ಹಸಿ ರಕ್ತದ ವಾಸನೆ. ಮೂಗು ಒರೆಸಿಕೊಂಡು ಮತ್ತೆ ಉಜ್ಜಿದ. ಕರಕರ ಸದ್ದು ಸಣ್ಣದಾಗುತ್ತ ಬಂತು. ಗೋಡೆಯಾಚೆಯ ದನಿಯೂ ಸಣ್ಣದಾಯಿತು. ಸದ್ಯ, ಇವತ್ತು ಬೇಗ ಸುಸ್ತಾದಳು ಎಂದುಕೊಂಡ. ಇನ್ನೊಂದು ಸಲ ಎಳೆದ. ನಳಿಗೆಯೊಳಗೆ ಯಾರೋ ಬಿಕ್ಕಿದರು. ಕೈ ನಿಂತಿತು. ಮನೆಯಲ್ಲಿ ಸದ್ದೇ ಇಲ್ಲ.

ಬಾಗಿಲಲ್ಲಿ ಹೆಂಡತಿ ಗಂಟಲು ಹಿಡಿದು ನಿಂತಿದ್ದಳು.

“ರೀ… ಏನೋ… ಆಗ್ತಿದೆ…” ಉಸಿರಿನಷ್ಟೇ ದನಿ.

ಎದ್ದು ಬಂದ ಮಾವ ಸರಳು ನೋಡಿ ಹಣೆ ಚಚ್ಚಿಕೊಂಡ. “ಅಯ್ಯೋ, ಮನೆ ಹಾಳು ಮಾಡಿದ್ರಲ್ಲ! ನಿಮ್ಮತ್ತೆ ಹುಟ್ಟಾ ಮೂಗಿ ಅಂದ್ಕೊಂಡ್ರಾ? ಇವಳು ಹುಟ್ಟೋ ಮುಂಚೆ ಇದನ್ನ ನಾನೂ ಉಜ್ಜಿದ್ದೆ, ಅವಳ ದನಿ ಹೋಯ್ತು. ಈ ಕೋವಿಗೆ ಮಗನ್ನ ಕಳ್ಕೊಂಡ ತಾಯಿ ಒಬ್ಳು, ಅವನನ್ನ ಕೂಗಿ ಕೂಗಿ ದನೀನೇ ಕಳ್ಕೊಂಡ್ಲು. ಆಮೇಲೆ ಮಾಟ ಮಾಡಿಸಿದ್ಲು. ಇದನ್ನ ನುಣುಪು ಮಾಡೋಕೆ ಕೈ ಹಾಕಿದೋನ ಹೆಂಡ್ತಿ ಗಂಟಲೂ ಹಾಗೇ ಸವೀಲಿ ಅಂತ.”

“ಮೊದ್ಲೇ ಹೇಳಬಾರದಿತ್ತಾ ಮಾವ?”

“ಯಾವ ಬಾಯಲ್ಲಿ ಹೇಳ್ಲಿ? ಇವಳಿಗೆ ಗೊತ್ತಾದ್ರೆ ನನ್ನ ಮುಖ ನೋಡ್ತಾಳಾ?”

ಮಗಳು ಅಪ್ಪನ ಮುಖ ನೋಡಲಿಲ್ಲ.

ಸೀಸದ ಗಟ್ಟಿ ನಳಿಗೆಯ ನಡುವೆ ನಿಂತಿತ್ತು. ಯಾರೇ ಹಿಂದಕ್ಕೆ ಎಳೆದರೂ ಉಜ್ಜಿದಂತೆ, ಮುಂದಕ್ಕೆ ನೂಕಿದರೂ ಉಜ್ಜಿದಂತೆ. ಸವೆದ ಉಕ್ಕು ಮರಳಿ ಬರುವುದಿಲ್ಲ. ಉಳಿದಿರುವ ಚೂರು ದನಿಯನ್ನಾದರೂ ಉಳಿಸಿಕೊಳ್ಳಬೇಕು. ಅಳಿಯ ಹೆಂಡತಿಯನ್ನು ಒಳಗೆ ಕೂರಿಸಿ ನೀರು ಕುಡಿಸಿದ. ಕೋವಿಯನ್ನು ಪೆಟ್ಟಿಗೆಯಲ್ಲಿಟ್ಟು ಜಡಿಯಲೆಂದು ಮಾವನೂ ಒಳಗೆ ಬಂದು ಬೀಗ ಹುಡುಕುತ್ತಿದ್ದ; ಕೋವಿ ಅಂಗಡಿಯಲ್ಲೇ ಇತ್ತು.

ಅಂಗಡಿಯಲ್ಲಿ ಹೆಜ್ಜೆ ಸದ್ದಾಯಿತು.

“ಏನ್ ಮೇಸ್ತ್ರಿ, ಆಯ್ತಾ?” ಶಿಕಾರಿಯವನ ದನಿ.

“ಮುಟ್ಟಬೇಡಿ!” ಅಳಿಯ ಓಡಿದ. ಹೊಸ್ತಿಲು ಎಡವಿದ. ಬಿದ್ದ. ಎದ್ದ.

ಸರಳು ಪೂರ್ತಿ ಹೊರಗೆ ಬಂದಿತ್ತು. ಶಿಕಾರಿಯವನು ನಳಿಗೆಯನ್ನು ಬೀದಿಯ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದ.

“ಆಹಾ! ಕನ್ನಡಿ ಹಾಗೆ ಮಾಡಿದ್ದೀರಿ ಕಣ್ರೀ!”

ಅಳಿಯ ಒಳಗೆ ಬಂದು ಹೆಂಡತಿಯ ಮುಂದೆ ಕುಸಿದು ಕೂತ. “ಬೈಯೇ… ಒಂದ್ಸಲ ಬೈಯೇ ನನ್ನ.”

ಅವಳ ತುಟಿಗಳು ಆಗಲೇ ಅಲುಗುತ್ತಿದ್ದವು, ಬೇಗ ಬೇಗ, ಎಂದಿನ ಅವಸರದಲ್ಲೇ. ಅವಳು ಬೈಯುತ್ತಲೇ ಇದ್ದಳು. ಅವನಿಗೆ ಏನೂ ಕೇಳಿಸಲಿಲ್ಲ.