ಕತ್ತರಿ ತಾಗದ ಐದು ತಿಂಗಳು

ಗುರುದತ್ತನ ಕೂದಲು ಕಂಡ ಕೂಡಲೇ ವಿನುತಾಳ ಮನಸ್ಸು ಲೆಕ್ಕ ಹಾಕಿತು. ಕಿವಿ ಪೂರ್ತಿ ಮುಚ್ಚಿದೆ, ಹಿಂದೆ ಕಾಲರಿನ ಮೇಲೆ ಬಿದ್ದು ಹೊರಕ್ಕೆ ತಿರುಗಿದೆ. ಐದು ತಿಂಗಳು. ಹೊನ್ನಾವರದ ಬಂದರು ರಸ್ತೆಯಲ್ಲಿ ಸಲೂನು ನಡೆಸುವವಳಿಗೆ ಇದಕ್ಕೆ ಕ್ಯಾಲೆಂಡರ್ ಬೇಕಾಗಿಲ್ಲ.

ಅವಳು ಅಂಗಡಿಗೆ ಬ್ಲೇಡು, ಕ್ರೀಮು ತರಲು ಕುಮಟಾಕ್ಕೆ ಬಂದಿದ್ದಳು. ಅವನು ರಸ್ತೆಯ ಆಚೆ, ಹೆರಿಗೆ ಡಾಕ್ಟರ ಕ್ಲಿನಿಕ್ಕಿನ ಮೆಟ್ಟಿಲ ಮೇಲೆ, ಒಬ್ಬಳು ಬಸುರಿ ಹೆಂಗಸಿಗೆ ಕೊಡೆ ಹಿಡಿದು ನಿಂತಿದ್ದ. ಆಕೆ ಅವನ ಭುಜ ಹಿಡಿದು ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದಳು.

ಹೆಂಡತಿ ಬಸುರಿಯಾದರೆ ಹೆರಿಗೆ ಆಗುವತನಕ ಗಂಡ ಕೂದಲಿಗೆ ಕತ್ತರಿ ಹಾಕಿಸುವುದಿಲ್ಲ. ಕಾಯಂ ಗಿರಾಕಿ ಯಾರಾದರೂ ನಾಪತ್ತೆಯಾದರೆ ವಿನುತಾಳ ಅಂಗಡಿಯಲ್ಲಿ ಮೊದಲು ಏಳುವ ಮಾತೇ ಅದು. "ಮನೆಲಿ ವಿಶೇಷ ಇರ್ಬೇಕು" ಎಂದು ಎಷ್ಟು ಸಲ ಅವಳೇ ಹೇಳಿ ನಗಿಸಿದ್ದಳು. ಐದು ತಿಂಗಳಿಂದ ಅಂಗಡಿಗೆ ಬಾರದ ಈ ಒಬ್ಬನ ವಿಷಯದಲ್ಲಿ ಮಾತ್ರ ಹೊಳೆದಿರಲಿಲ್ಲ. ಮದುವೆಯಾಗಿಲ್ಲ ಎಂದು ಅವನೇ ಹೇಳಿದ್ದನಲ್ಲ!

ಸುಳ್ಳ. ಶುದ್ಧ ಸುಳ್ಳ. ಬಸ್ಸಿನಲ್ಲಿ ಕುಳಿತು ಹೊನ್ನಾವರ ಮುಟ್ಟುವವರೆಗೂ ಅವಳು ಅವನನ್ನು ಮನಸ್ಸಿನಲ್ಲೇ ಬೈದಳು. ಬೈಗುಳ ಮುಗಿದಾಗ ಕಣ್ಣು ತುಂಬಿತು, ಅದಕ್ಕೂ ಸಿಟ್ಟು ಬಂತು.

ಅಪ್ಪ ಮಹಾಬಲನ ಬಲಗೈ ನಡುಗಲು ಶುರುವಾದಾಗ ಅಂಗಡಿಯ ಕತ್ತರಿ ಹಿಡಿದವಳು ಅವಳು. ಹೆಂಗಸಿನ ಕೈಗೆ ತಲೆ ಕೊಡುವುದೇ ಎಂದು ಊರಿನ ಗಂಡಸರು ಬಾಗಿಲಲ್ಲೇ ತಿರುಗಿ ಹೋಗುತ್ತಿದ್ದ ದಿನಗಳವು. ಐಸ್ ಫ್ಯಾಕ್ಟರಿಯ ಮೆಕ್ಯಾನಿಕ್ ಗುರುದತ್ತ ಒಂದು ಬೆಳಿಗ್ಗೆ ಸೀದಾ ಒಳಗೆ ಬಂದು, "ನಿಮಗೆ ಚಂದ ಕಂಡ ಹಾಗೆ ಮಾಡಿ" ಎಂದು ಕುರ್ಚಿಯಲ್ಲಿ ಕುಳಿತುಬಿಟ್ಟ. ಆಮೇಲೆ ಎರಡು ವರ್ಷ, ಮೂರು ವಾರಕ್ಕೊಮ್ಮೆ ತಪ್ಪದೆ ಬಂದ. 'ನೀವು' ಹೋಗಿ 'ನೀನು' ಬಂತು.

ಅವಳು ಕತ್ತರಿ ಆಡಿಸುವಾಗ ಅವನು ಕನ್ನಡಿಯಲ್ಲಿ ಅವಳನ್ನೇ ನೋಡುತ್ತಿದ್ದ. ಅವಳು ತಲೆ ಎತ್ತಿದರೆ ಸಾಕು, ಕಣ್ಣಿಗೆ ಕೂದಲು ಬಿದ್ದವನ ಹಾಗೆ ರೆಪ್ಪೆ ಮುಚ್ಚುತ್ತಿದ್ದ. ಅವಳೋ ಕಿವಿಯ ಹಿಂದಿನ ಕೆಲಸವನ್ನು ಬೇಕೆಂದೇ ನಿಧಾನ ಮಾಡುತ್ತಿದ್ದಳು. ಇಬ್ಬರೂ ಏನೂ ಹೇಳಿರಲಿಲ್ಲ, ನಿಜ. ಎಲ್ಲವನ್ನೂ ಬಾಯಿಬಿಟ್ಟೇ ಹೇಳಬೇಕೆ? ಹೇಳಬೇಕಿತ್ತು ಎಂದು ಈಗ ಗೊತ್ತಾಯಿತು.

ಮನೆಗೆ ಬಂದವಳು ಚೀಲವನ್ನು ದೊಪ್ಪನೆ ಇಟ್ಟಳು.

"ಅಪ್ಪಾ, ಆ ಭಟ್ಕಳದವರು ನೋಡೂಕೆ ಬತ್ತೆವು ಅಂದಿದ್ರಲೆ. ಬರೂಕೆ ಹೇಳು."

ಮಹಾಬಲ ಕಕ್ಕಾಬಿಕ್ಕಿಯಾದ. ಎರಡು ತಿಂಗಳಿನಿಂದ ಬೇಡವೆಂದು ಹಟ ಹಿಡಿದ ಮಗಳು ಇವಳೇನಾ? "ಹುಡುಗನ ಫೋಟೋ ಆದ್ರೂ ನೋಡೆ ಮಾರಾಯ್ತಿ."

"ನೋಡೂದು ಎಂತಕ್ಕೆ? ಕೂದ್ಲು ಸಣ್ಣಕ್ಕೆ ಕತ್ತರಿಸಿದ್ರೆ ಆತು."

ಅವರು ಭಾನುವಾರ ಬರುವುದೆಂದು ನಿಗದಿಯಾಯಿತು. ಹುಡುಗ ಒಪ್ಪಿದರೆ ಅಂದೇ ಮಾತು ಕೊಡುವುದೆಂದೂ ಅವಳೇ ಹೇಳಿದಳು. ಹೇಳಿದ ರಾತ್ರಿ ಅನ್ನ ಇಳಿಯಲಿಲ್ಲ.

ಶನಿವಾರ ಮಧ್ಯಾಹ್ನ. ನಮ್ಮಲ್ಲಿ ಶನಿವಾರ ಕೂದಲು ತೆಗೆಸುವವರು ಕಡಿಮೆ, ಅಂಗಡಿ ಖಾಲಿ. ಮಹಾಬಲ ಬೆಂಚಿನ ಮೇಲೆ ಪೇಪರ್ ಓದುತ್ತಿದ್ದ. ಹೊರಗೆ ಬೈಕು ನಿಂತ ಸದ್ದಾಯಿತು. ಗುರುದತ್ತ ಒಳಗೆ ಬಂದವನೇ ಏನೂ ಆಗಿಲ್ಲದವನಂತೆ ತನ್ನ ಹಳೆಯ ಕುರ್ಚಿಯಲ್ಲಿ ಕುಳಿತ. ಕನ್ನಡಿಯಲ್ಲಿ ಅವಳನ್ನು ನೋಡಿ ನಕ್ಕ.

ವಿನುತಾ ಕುರ್ಚಿಯನ್ನು ಒಂದೇ ಏಟಿಗೆ ಗೋಡೆಯ ಕಡೆ ತಿರುಗಿಸಿದಳು.

"ಏಳು. ಬಸುರಿ ಹೆಂಡ್ತಿನ ಮನೇಲಿಟ್ಕಂಡು ಕಟಿಂಗಿಗೆ ಬರೂಕೆ ನಾಚ್ಕೆ ಆಗೂದಿಲ್ವಾ?"

"ಯಾರ ಹೆಂಡ್ತಿ?"

"ಕುಮಟಾದಲ್ಲಿ ಕೊಡೆ ಹಿಡ್ಕಂಡಿದ್ಯಲ್ಲ, ಆ ಹೆಂಡ್ತಿ."

ಅವನು ಕುಳಿತಲ್ಲೇ ಅವಳ ಕಡೆ ತಿರುಗಿದ. "ಅದು ನಮ್ಮ ರೂಪಕ್ಕ!"

"ಓಹೋ! ಅಕ್ಕ ಬಸುರಿಯಾದ್ರೆ ಕೂದ್ಲು ಬಿಡೂದು ಬಾವ. ತಮ್ಮ ಬಿಡೂದನ್ನ ನಾ ಎಲ್ಲೂ ಕಾಣ್ಲಿಲ್ಲ. ನಂಗೇ ಕತೆ ಹೇಳ್ತ್ಯಾ?"

ಬೆಂಚಿನ ಮೇಲೆ ಪೇಪರಿನ ಪುಟ ಮಗುಚುವ ಸದ್ದು ನಿಂತಿತು.

"ಬಾವಂದು ಹಡಗಲ್ಲಿ ಅಡಿಗೆ ಕೆಲಸ" ಎಂದ ಗುರುದತ್ತ. ದನಿ ತಗ್ಗಿತ್ತು. "ಅಲ್ಲಿ ಕೂದ್ಲು ಬಿಟ್ರೆ ಕೆಲಸದಿಂದ ತೆಗಿತ್ರು. ಎರಡು ಸಲ ಅಕ್ಕ ಬಸುರಿಯಾದಾಗ್ಲೂ ಅವ ಕತ್ತರಿಸ್ಕಂಡ. ಎರಡು ಸಲವೂ ಮೂರನೇ ತಿಂಗ್ಳಲ್ಲೇ ಹೋಯ್ತು. ಅದ್ರಿಂದ್ಲೇ ಹೋಯ್ತು ಅಂತ ಅಕ್ಕನ ತಲೇಲಿ ಕೂತದೆ. ಅತ್ತು ಅತ್ತು ಊಟ ಬಿಟ್ಟಿತ್ತು. ಬಾವನ ಬದ್ಲಿಗೆ ನಾ ಬಿಡ್ತೆ ಅಂದೆ. ನಂಗೆ ನಂಬಿಕೆ ಇಲ್ಲ, ವಿನುತಾ. ಆದ್ರೆ ಅಕ್ಕ ಅವತ್ತಿಂದ ನಿದ್ದೆ ಮಾಡ್ತದೆ."

ವಿನುತಾಳ ಕೈ ಕುರ್ಚಿಯ ಬೆನ್ನ ಮೇಲೆ ಸಡಿಲವಾಯಿತು. ಆದರೆ ಸಿಟ್ಟು ಇಳಿಯಲಿಲ್ಲ. ಇನ್ನೂ ಏರಿತು.

"ಇಷ್ಟು ಒಳ್ಳೆ ಕೆಲ್ಸನ ಮುಚ್ಚಿಟ್ಟದ್ದು ಎಂತಕ್ಕೆ? ನಂಗೆ ಒಂದು ಮಾತು ಹೇಳೂಕಾಗ್ಲಿಲ್ವಾ?"

"ಏಳು ತಿಂಗ್ಳು ತುಂಬೂತನ್ಕ ಯಾರಿಗೂ ಹೇಳ್ಬೇಡ ಅಂತ ಅಕ್ಕ ಆಣೆ ಹಾಕಿತ್ತು. ನಿನ್ನೆಗೆ ಏಳು ತುಂಬ್ತು, ಇವತ್ತು ಬಂದೆ. ಮತ್ತೆ... ಸಲೂನಲ್ಲಿ ಹೇಳಿದ್ರೆ ಊರಿಗೇ ಹೇಳ್ದಂಗೆ ಅಲ್ವಾ?"

"ನಾ ಊರಿಗೆ ಡಂಗುರ ಹೊಡೆಯುವವ್ಳಾ?"

"ಅಲ್ಲ ಅಲ್ಲ..."

"ಬಾಯ್ಮುಚ್ಚು. ನಾಳೆ ಭಟ್ಕಳದಿಂದ ಹುಡುಗನ ಕಡೆಯವ್ರು ಬತ್ರು. ನಾ ಒಪ್ಕಂಡೆ."

ಗುರುದತ್ತ ಕುರ್ಚಿಯಿಂದ ಎದ್ದ. ಅವನ ಮುಖ ಕೆಂಪೇರಿದ್ದನ್ನು ಅವಳು ಎರಡು ವರ್ಷದಲ್ಲಿ ಮೊದಲ ಸಲ ಕಂಡಳು.

"ಐದೇ ಐದು ತಿಂಗ್ಳು ಕಾಯೂಕೆ ಆಗ್ಲಿಲ್ವಾ ನಿಂಗೆ?"

"ಕಾಯು ಅಂತ ಯಾರು ಹೇಳಿದ್ರು? ನೀ ಹೇಳಿದ್ಯಾ? ಎರಡು ವರ್ಷ ಇದೇ ಕುರ್ಚಿಲಿ ಕೂತು ಕಣ್ಣು ಮುಚ್ಚಿ ತೆಗೆದು ಮಾಡಿದ್ಯಲ್ಲ, ಅದನ್ನ ನಾ ಎಂತ ಅಂತ ತಿಳ್ಕಳ್ಬೇಕಿತ್ತು?"

ಅವನು ಬೈಕಿನ ಕೀ ಕೈಗೆ ತೆಗೆದುಕೊಂಡ. ಇವನು ಈಗಲೂ ಸುಮ್ಮನೆ ಹೊರಗೆ ಹೋದರೆ ನಾಳೆ ಆ ಭಟ್ಕಳದವನ ಮುಂದೆ ಚಾ ತಟ್ಟೆ ಹಿಡಿದು ನಿಲ್ಲುವುದೇ ಸೈ ಎಂದುಕೊಂಡಳು.

ಅವನು ಹೋಗಲಿಲ್ಲ. ಬಾಗಿಲ ಬದಲು ಬೆಂಚಿನ ಕಡೆ ತಿರುಗಿದ.

"ಮಹಾಬಲಣ್ಣ, ನಂಗೆ ವಿನುತಾ ಬೇಕು. ಮೂರು ವಾರಕ್ಕೊಂದ್ಸಲ ಅಲ್ಲ, ದಿನಾ ಬೇಕು. ಇವ್ಳ ಮುಂದೆ ಹೇಳೂಕೆ ಹೆದ್ರಿಕೆ, ಅದ್ಕೇ ನಿಮಗೆ ಹೇಳ್ತೆ."

ಮಹಾಬಲ ಪೇಪರ್ ಕೆಳಗಿಟ್ಟು ಮಗಳನ್ನು ನೋಡಿದ. "ಎಂತ ಹೇಳೂದೆ ಇವಂಗೆ?"

"ಭಟ್ಕಳಕ್ಕೆ ಫೋನ್ ಮಾಡು ಅಪ್ಪಾ. ಬರೂದು ಬೇಡ ಹೇಳು. ತಪ್ಪು ನಂದೇ ಅಂತ್ಲೂ ಹೇಳು."

ಮಹಾಬಲ ಫೋನು ಹಿಡಿದು, ನಗು ನುಂಗುತ್ತ ಹೊರಗೆ ಹೋದ. ಗುರುದತ್ತ ಮೆಲ್ಲಗೆ ಮತ್ತೆ ಕುರ್ಚಿಯಲ್ಲಿ ಕುಳಿತ. "ಇನ್ನು ಎರಡು ತಿಂಗ್ಳು ಅಷ್ಟೆ. ಕೂಸು ಹುಟ್ಟಿದ ಕೂಡ್ಲೇ ಬತ್ತೆ. ನೀನೇ ಕತ್ತರಿಸು."

ವಿನುತಾ ಅವನ ಹಿಂದೆ ನಿಂತು, ಕತ್ತಿನ ಮೇಲಿನ ಕೂದಲಿಗೆ ಬೆರಳು ತೂರಿಸಿ, ಮುಷ್ಟಿ ತುಂಬ ಹಿಡಿದಳು.

"ಕತ್ತರಿಸೂದಿಲ್ಲ. ಇದು ಹಿಂಗೇ ಇರ್ಲಿ. ನಂಗೆ ಸಿಟ್ಟು ಜಾಸ್ತಿ, ಹಿಡ್ದು ಜಗ್ಗೂಕೆ ಎಂತಾದ್ರೂ ಬೇಕು."

"ನೋಯ್ತದೆ ಮಾರಾಯ್ತಿ!"

"ನೋಯ್ಲಿ" ಎಂದಳು, ಕೈ ಬಿಡಲಿಲ್ಲ.