ಎರಡು ಗೆರೆ ವಿಭೂತಿ

ಟಾರ್ಪಾಲಿನ ಮೇಲಿಂದ ಯಾರೋ ನನ್ನ ಬೆನ್ನಿಗೆ ಕೋಲಿನಿಂದ ತಿವಿದರು.

ನಾನು ಅಲುಗಲಿಲ್ಲ.

"ಏನ್ಲಾ, ಮೆತ್ತಗೈತೆ?"

"ಗೋಣಿಚೀಲ ಕಣೋ. ಮಷೀನಿಗೆ ಏಟು ಬೀಳ್ಬಾರ್ದು ಅಂತ ಯಾರೋ ಹಾಕಿರ್ತಾರೆ. ನಡಿ, ಮುದ್ದೆ ಆರೋಗ್ತದೆ."

ಎರಡನೆಯ ದನಿ ಟೆಂಪೊ ಡ್ರೈವರ್ ಬೈರಣ್ಣನದು. ಹೆಜ್ಜೆಗಳು ಮಿಲ್ಟ್ರಿ ಹೋಟೆಲಿನ ಕಡೆ ಹೋದವು. ಆಮೇಲೆ ಉಸಿರು ಬಿಟ್ಟೆ...

ಮೊದಲೇ ಹೇಳಿಬಿಡುತ್ತೇನೆ, ನಾನು ಧೈರ್ಯವಂತೆ ಅಲ್ಲ. ಮನೆಗೆ ಬೀಗ ಹಾಕಿ, ಬಸ್ ಸ್ಟಾಪಿನಿಂದ ವಾಪಸು ಬಂದು ಇನ್ನೊಮ್ಮೆ ಎಳೆದು ನೋಡುವವಳು. ಅದಕ್ಕೇ ಕಾಂತರಾಜು ಅಣ್ಣ ನನಗೆ ತಪಾಸಣೆಯ ಕೆಲಸ ಕೊಟ್ಟದ್ದು.

ಕಾಂತರಾಜು ನಮ್ಮ ಗ್ರಾಹಕರ ವೇದಿಕೆಯ ಮುಖ್ಯಸ್ಥರು. ದೊಡ್ಡಬಳ್ಳಾಪುರದಲ್ಲಿ ಆಫೀಸು. ನರ್ಸಿಂಗ್ ಹೋಮುಗಳನ್ನು ನೋಡಿ ಬಂದು ನಕ್ಷತ್ರ ಕೊಡುತ್ತಿದ್ದೆವು. ಒಂದು ಎಂದರೆ ಹೋಗಬೇಡಿ. ಮೂರು ಎಂದರೆ ನಂಬಿ. ಬಸ್ ಸ್ಟ್ಯಾಂಡುಗಳಲ್ಲಿ ಬೋರ್ಡ್ ನೇತುಹಾಕಿದ್ದೆವು. ತೊಂಬತ್ತಾರನೇ ಇಸವಿಯಲ್ಲಿ ಜನಕ್ಕೆ ಬೇರೆ ದಾರಿ ಏನಿತ್ತು? ಹೊಸಕೋಟೆ ಪಕ್ಕದ ಪಿಲ್ಲಗುಂಪೆಯ ಫ್ಯಾಕ್ಟರಿಯವರೂ ಬೋರ್ಡ್ ನೋಡಿಯೇ ಆಸ್ಪತ್ರೆಗೆ ಆಟೊ ಹತ್ತುತ್ತಿದ್ದರು.

ಆಯುಧ ಪೂಜೆಯಾದ ವಾರ ಹೊಸಕೋಟೆಯ ಒಂದು ನರ್ಸಿಂಗ್ ಹೋಮಿಗೆ ಮೂರು ನಕ್ಷತ್ರ ಕೊಟ್ಟೆ, ಅಲ್ಲಿದ್ದ ಸ್ಟೆರಿಲೈಸರ್ ನೋಡಿ. ಆಪರೇಷನ್ನಿನ ಕತ್ತರಿ, ಚಾಕು, ಬಟ್ಟೆಗಳನ್ನು ಬಿಗಿ ಉಗಿಯಲ್ಲಿ ಬೇಯಿಸುವ ದೊಡ್ಡ ಸ್ಟೀಲ್ ಡ್ರಮ್ಮು. ಅದಿಲ್ಲದಿದ್ದರೆ ಹೊಲಿಗೆ ಕೀವಾಗುತ್ತದೆ. ಬಾಣಂತಿ ಸಾಯುತ್ತಾಳೆ.

ಕೆಲವು ವಾರದ ಮೇಲೆ ದೇವನಹಳ್ಳಿಯಲ್ಲಿ ಇನ್ನೊಂದು ನೋಡಿದೆ. ಅದಕ್ಕೂ ಹಸಿರು ಬಟ್ಟೆ ಹೊದಿಸಿದ್ದರು. ಅದಕ್ಕೂ ಹಿಡಿಯ ಪಕ್ಕ ಅದೇ ತಗ್ಗು.

ಬೀಗ ಎಳೆದು ನೋಡುವವಳು ಸುಮ್ಮನಿರುತ್ತಾಳೆಯೆ? ಎರಡು ದಿನ ಬಿಟ್ಟು ಬೆಳಿಗ್ಗೆಯೇ ದೇವನಹಳ್ಳಿಯ ನರ್ಸಿಂಗ್ ಹೋಮಿನ ಹಿಂದೆ ಕಾದು ನಿಂತೆ. ಟೆಂಪೊ ಬಂತು. ಡ್ರಮ್ಮನ್ನು ಏರಿಸಿದರು. "ನೆಲಮಂಗಲಕ್ಕೆ ತಾನೆ?" ಎಂದ ಬೈರಣ್ಣ. ಮರುದಿನ ನೆಲಮಂಗಲದಲ್ಲಿ ನಮ್ಮ ತಪಾಸಣೆ. ಅವರು ಹಗ್ಗ ತರಲು ಹೋದಾಗ ನಾನೂ ಏರಿದೆ.

ಕತ್ತಲೆಯಲ್ಲಿ ಕೈಯಾಡಿಸಿದೆ. ಮುಚ್ಚಳದಲ್ಲಿ ಕೆತ್ತಿದ್ದ ನಂಬರು ಕೂಡ ಹೊಸಕೋಟೆಯಲ್ಲಿ ಬರೆದುಕೊಂಡದ್ದೇ. ಮಷೀನು ಒಂದೇ.

ಹಾಗಾದರೆ ಹೊಸಕೋಟೆಯಲ್ಲಿ ಈಗ ಏನೂ ಇಲ್ಲ...

ಮೂರು ಗಂಟೆಗೆ ಅಲ್ಲಿ ನನ್ನ ತಂಗಿ ಮಮತಳಿಗೆ ಸಿಸೇರಿಯನ್ ಇತ್ತು. ಮೂರು ನಕ್ಷತ್ರ ಇದೆ ಎಂದು ನಾನೇ ಸೇರಿಸಿದ್ದೆ.

ಟೆಂಪೊದಿಂದ ಇಳಿದೆ. ರಸ್ತೆಯ ಆಚೆ ಎಸ್‌ಟಿಡಿ ಬೂತು. ನರ್ಸಿಂಗ್ ಹೋಮಿನ ಫೋನು ಎಂಗೇಜ್. ಮತ್ತೆ ಎಂಗೇಜ್. ಆಫೀಸಿಗೆ ಮಾಡಿದೆ.

"ಅಣ್ಣಾ, ನಾನು ಶಾಮಲ."

"ಎಲ್ಲಿಂದಮ್ಮಾ?"

"ದೇವನಹಳ್ಳಿ, ಮಿಲ್ಟ್ರಿ ಹೋಟೆಲ್ ಎದುರಿನ ಬೂತು. ಒಂದೇ ಸ್ಟೆರಿಲೈಸರ್ ಎಲ್ಲಾ ಕಡೆ ಸುತ್ತಾಡ್ತಾ ಇದೆ ಅಣ್ಣ. ಹೊಸಕೋಟೇಲಿ ಇಲ್ಲ. ಮಮತನ ಆಪರೇಷನ್ ನಿಲ್ಲಿಸ್ಬೇಕು."



"ನೀನು ಅಲ್ಲೇ ಇರಮ್ಮಾ. ಯಾರಿಗೂ ಹೇಳ್ಬೇಡ. ನಾನು ನೋಡ್ಕೊಳ್ತೀನಿ."

ಎದೆ ಹಗುರಾಯಿತು. ನಮಗೆ ಅಪ್ಪ ಇಲ್ಲ. ಮಮತಳನ್ನು ಧಾರೆ ಎರೆದು ಕೊಟ್ಟವರು ಕಾಂತರಾಜು ಅಣ್ಣ.

ಆಗ ಎದುರಿನ ಹೋಟೆಲಿನಲ್ಲಿ ಫೋನು ಬಡಿದುಕೊಂಡಿತು.

"ಬೈರಣ್ಣಾ, ನಿಂಗೇ."

ಬೈರಣ್ಣ ಎಂಜಲು ಕೈಯಲ್ಲೇ ಎದ್ದು ಎಡಗೈಯಲ್ಲಿ ರಿಸೀವರ್ ಹಿಡಿದ. ಕೇಳಿದ. ತಲೆ ಎತ್ತಿದ. ನೇರವಾಗಿ ನನ್ನ ಬೂತಿನ ಕಡೆ ನೋಡಿದ.

ನಾನು ಇಲ್ಲಿರುವುದು ಗೊತ್ತಿದ್ದದ್ದು ಒಬ್ಬರಿಗೇ.

ಅರ್ಥವಾಗದ್ದೇನೂ ಇರಲಿಲ್ಲ. ಮನಸ್ಸು ಒಪ್ಪಲಿಲ್ಲ, ಅಷ್ಟೆ.

ಅವನು ರಸ್ತೆ ದಾಟಿ ಬಾಗಿಲಿಗೆ ಅಡ್ಡ ನಿಂತ.

"ಅಕ್ಕಾ, ಬನ್ನಿ. ಸಾಯಂಕಾಲದ್ವರ್ಗೂ ನಮ್ ಜೊತೆ ಕೂತಿರಿ. ಊಟ ಹಾಕುಸ್ತೀನಿ."

"ಯಾರು ಹೇಳಿದ್ದು?"

"ಅದ್ಯಾಕಕ್ಕ. ಮೈ ಮುಟ್ಟಬ್ಯಾಡ ಅಂದವ್ರೆ. ಮುಟ್ಟೋ ಹಂಗೆ ಮಾಡ್ಬ್ಯಾಡಿ."

"ಕೈ ತೊಳ್ಕೊಂಡು ಬಾ ಮೊದಲು. ಸಾರು ಸುರೀತಾ ಇದೆ."

ಅವನು ಕೈ ನೋಡಿಕೊಂಡ. ಗಾಜಿನ ಬಾಗಿಲನ್ನು ಅವನ ಮುಖಕ್ಕೆ ತಳ್ಳಿ ಓಡಿದೆ.

ಟೆಂಪೊದ ಸೆಲ್ಫ್ ಸ್ಟಾರ್ಟರ್ ಕೆಟ್ಟಿತ್ತೇನೋ, ಎಂಜಿನ್ ಆಫ್ ಮಾಡದೆ ಊಟಕ್ಕೆ ಹೋಗಿದ್ದ. ಹತ್ತಿ ಗೇರು ಹಾಕಿದೆ. ವೇದಿಕೆಯ ಮೆಟಡಾರ್ ಓಡಿಸಲು ನನಗೆ ಕಲಿಸಿದ್ದವರು ಯಾರು ಗೊತ್ತೆ? ಅವರೇ.

ಹೊಸಕೋಟೆಗೆ ಹೋಗುವ ಸೂಲಿಬೆಲೆ ದಾರಿ ಹಿಡಿದೆ. ಹಿಂದೆ, ಹೋಟೆಲಿನ ಮುಂದೆ ನಿಂತಿದ್ದ ಬುಲೆಟ್ ಬೈಕಿನ ಸದ್ದು. ಬೈರಣ್ಣ, ಅವನ ಬೆನ್ನಿಗೆ ಅಂಟಿಕೊಂಡು ಆ ಕೋಲಿನವನು. ಪಕ್ಕಕ್ಕೆ ಬಂದರು. ಕೋಲು ಕಿಟಕಿಗೆ ಬಿತ್ತು. ಗಾಜು ನನ್ನ ಮಡಿಲಿಗೆ...

"ನಿಲ್ಸಮ್ಮೋ! ಸಾಯ್ತೀಯ!"

ಮುಂದೆ ರಸ್ತೆ ತುಂಬ ರಾಗಿ ತೆನೆ. ಬಸ್ಸು ಲಾರಿಗಳು ತುಳಿದು ಕಾಳು ಉದುರಿಸಲಿ ಎಂದು ನಮ್ಮ ಕಡೆ ರೈತರು ಹರಡುತ್ತಾರೆ. ನಾಲ್ಕು ಚಕ್ರಕ್ಕೆ ಅದು ಹಾಸಿಗೆ. ಎರಡು ಚಕ್ರಕ್ಕೆ ಎಣ್ಣೆ ಸುರಿದ ಹಾಗೆ. ನಾನು ಆಕ್ಸಲರೇಟರ್ ಒತ್ತಿದೆ.

ಹಿಂದೆ ಸದ್ದು ಜಾರಿತು. ಕನ್ನಡಿಯಲ್ಲಿ ನೋಡಿದರೆ ಇಬ್ಬರೂ ಹುಲ್ಲಿನಲ್ಲಿ ಬಿದ್ದು, ರಾಗಿಯ ಯಜಮಾನಿಯಿಂದ ಪೊರಕೆಯೇಟು ತಿನ್ನುತ್ತಿದ್ದರು.

ಟಾರ್ಪಾಲು, ಹಸಿರು ಬಟ್ಟೆ ಎರಡೂ ಗಾಳಿಗೆ ಹಾರಿದ್ದವು. ಹಿಂದಿನ ಗಾಜಿನಲ್ಲಿ ಡ್ರಮ್ಮಿನ ಹೊಟ್ಟೆ ಕಾಣಿಸಿತು. ಆಯುಧ ಪೂಜೆಯ ಕುಂಕುಮ, ವಿಭೂತಿ. ಬಟ್ಟೆ ಹೊದಿಸಿದ್ದು ಅದಕ್ಕೇ. ಪೂಜೆಯ ಗುರುತನ್ನು ಒರೆಸಲು ಯಾರಿಗೂ ಕೈ ಬಂದಿಲ್ಲ.

ವಿಭೂತಿ ಮೂರು ಗೆರೆ ಇರಬೇಕು. ಇದು ಎರಡೇ. ನಡುವೆ ಖಾಲಿ.

ನಮ್ಮ ಮೆಟಡಾರಿನ ಮೇಲೂ ಹಾಗೇ. ಅವರ ಸ್ಕೂಟರಿನ ಮೇಲೂ ಹಾಗೇ. ಹಿಂದೆ ಪವರ್‌ಲೂಮಿಗೆ ಸಿಕ್ಕಿ ಕಾಂತರಾಜು ಅಣ್ಣನ ನಡುಬೆರಳು ಹೋಗಿದೆ. ಮೂರು ಬೆರಳಲ್ಲಿ ಎಳೆಯುವ ವಿಭೂತಿಯನ್ನು ಅವರು ಎಳೆದರೆ ಎರಡೇ ಗೆರೆ ಬೀಳುತ್ತದೆ.

ಫೋನು ಮಾಡಿದ್ದಷ್ಟೇ ಅಲ್ಲ. ಮಷೀನೇ ಅವರದು.

ಹೊಸಕೋಟೆ ತಲುಪಿದಾಗ ಮಮತ ಆಪರೇಷನ್ ಕೋಣೆಯ ಹೊರಗೆ ಸ್ಟ್ರೆಚರಿನಲ್ಲಿದ್ದಳು. ಒಳಗೆ ಸೀಮೆಎಣ್ಣೆ ಸ್ಟವ್ವಿನ ಮೇಲೆ ಅನ್ನದ ಪಾತ್ರೆ. ಪಾತ್ರೆಯಲ್ಲಿ ಕತ್ತರಿಗಳು.

"ಮಷೀನ್ ಸರ್ವೀಸಿಗೆ ಹೋಗಿದೆ ಮೇಡಂ," ಎಂದರು ಡಾಕ್ಟರು.

"ಗೊತ್ತು. ನಾನೇ ಓಡಿಸ್ಕೊಂಡು ಬಂದೆ. ಹೊರಗಿದೆ."

ಅವರು ಕಿಟಕಿಯಿಂದ ನೋಡಿ ಕೂತುಬಿಟ್ಟರು.

"ಅಕ್ಕಾ, ಏನಾಯ್ತೇ?" ಎಂದಳು ಮಮತ.

"ಏನಿಲ್ಲ. ಏಳು. ಆಸ್ಪತ್ರೆಗೆ ಹೋಗು."

"ಇದೇ ಆಸ್ಪತ್ರೆ ಅಂದಿದ್ಯಲ್ಲೇ ನೀನು."

ಅವಳ ಕೈ ಹಿಡಿದು ಎಬ್ಬಿಸಿದೆ. ಗಂಡನ ಜೊತೆ ಟ್ಯಾಕ್ಸಿ ಹತ್ತಿಸಿ ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಕಳಿಸಿದೆ. ಸಂಜೆ ಹೆಣ್ಣು ಮಗು. ಇಬ್ಬರೂ ಕ್ಷೇಮ.

ನಾನು ಜೊತೆಗೆ ಹೋಗಲಿಲ್ಲ. ಟೆಂಪೊವನ್ನು ಹೊಸಕೋಟೆಯ ಬಸ್ ಸ್ಟ್ಯಾಂಡಿಗೆ ತಂದು ನಕ್ಷತ್ರದ ಬೋರ್ಡಿನ ಕೆಳಗೇ ನಿಲ್ಲಿಸಿದೆ. ಅಂಗಡಿಯಿಂದ ಒಂದು ಡಬ್ಬಿ ಬಿಳಿ ಪೇಂಟ್ ತಂದೆ.

ಡಾಕ್ಟರು ಫೋನ್ ಮಾಡಿರಬೇಕು, ಕಾಂತರಾಜು ಸ್ಕೂಟರಿನಲ್ಲಿ ಬಂದಿಳಿದರು. ಹೆಡ್‌ಲೈಟಿನ ಮೇಲೆ ಎರಡು ಗೆರೆ.

"ಮಮತನ ಹೆಸರು ಹೇಳಿದ್ದೆ ಅಣ್ಣ."

"ಹೂಂ, ಹೇಳಿದ್ದೆ."

"ಆಮೇಲೂ ಬೈರಣ್ಣನಿಗೆ ಫೋನ್ ಮಾಡಿದ್ರಿ."

"ಕುದಿಸಿ ಮಾಡ್ತಾರಮ್ಮ. ಎಷ್ಟು ಜನಕ್ಕೆ ಏನೂ ಆಗಿಲ್ಲ." ಅವರ ದನಿ ಯಾವತ್ತಿನ ಹಾಗೇ ಮೆತ್ತಗಿತ್ತು. "ನಿಜ ಬರೆದಿದ್ರೆ ಬೋರ್ಡಲ್ಲಿ ಒಂದಕ್ಕೂ ಮೂರು ನಕ್ಷತ್ರ ಇರ್ತಿರ್ಲಿಲ್ಲ. ಖಾಲಿ ಬೋರ್ಡನ್ನ ಯಾರು ನೋಡ್ತಾರೆ? ವೇದಿಕೆ ಉಳೀಲಿ ಅಂತ ಮಾಡ್ದೆ. ನಕ್ಷತ್ರ ಕೊಟ್ಟೋಳು ನೀನು. ನೆನಪಿರ್ಲಿ."

"ಇದೆ."

ಜನ ಸೇರಿದ್ದರು. ತುಂಬು ಬಸುರಿಯೊಬ್ಬಳು ಬೋರ್ಡ್ ನೋಡಿ ಕೇಳಿದಳು, "ಅಕ್ಕಾ, ಯಾವುದಕ್ಕೆ ಮೂರು?"

ಬೋರ್ಡಿನ ಮೇಲಿದ್ದ ನಕ್ಷತ್ರಗಳನ್ನೆಲ್ಲ ಪೇಂಟ್ ಬಳಿದು ಅಳಿಸಿದೆ. ನಾನು ಕೊಟ್ಟವನ್ನು ಮೊದಲು. ಆಮೇಲೆ ಟೆಂಪೊ ಹತ್ತಿ ಡ್ರಮ್ಮಿನ ಮೇಲೆ, ಆ ಎರಡು ಗೆರೆಗಳ ಕೆಳಗೆ, ಮೂರು ನಕ್ಷತ್ರ ಬರೆದೆ.

ನಾಲ್ಕು ತಾಲ್ಲೂಕಿನಲ್ಲಿ ನಂಬಬಹುದಾದದ್ದು ಅದೊಂದೇ.